ಕಡೀ ನುಡಿ ತನಕ ಕೇಳ್ರಿ

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರಿನಲ್ಲಿ ಕಿವಿ ತೆರೆದಿಟ್ಟುಕೊಂಡು ಒಂದು ದಿನ ಓಡಾಡಿದರೆ ಎಷ್ಟು ಬಗೆಯ ಹಾಡು ಬಂದು ಬೀಳುತ್ತವೆ! ನಸುಕಿನಲ್ಲಿ ಗುಡಿಯ ಮೈಕಿನಿಂದ ವಚನ. ಯಾದಗಿರಿಗೆ ಹೊರಟ ಟಂಟಂನಲ್ಲಿ ಹೊಸ ಸಿನಿಮಾ ಹಾಡು. ಗುರುಮಠಕಲ್ ಕಡೆಯವರ ಮೊಬೈಲಿನಲ್ಲಿ ತೆಲುಗು. ಹತ್ತಿ ಬಿಡಿಸುವ ಹೊಲದಲ್ಲಿ ತಾಂಡಾದ ಹೆಣ್ಣುಮಕ್ಕಳ ಲಂಬಾಣಿ ಪದ. ಉರುಸು ಇದ್ದರೆ ಕವ್ವಾಲಿ. ಅಮಾವಾಸ್ಯೆ ಬಂತೆಂದರೆ ರಾತ್ರಿಯಿಡೀ ಭಜನೆ. ಹಾಡಿನ ಹುಚ್ಚಿದ್ದವರಿಗೆ ಇಲ್ಲಿ ಬರಗಾಲವೇ ಇಲ್ಲ. ಆದರೆ ಇಷ್ಟೆಲ್ಲ ಕೇಳಿಯೂ ಇದು ಯಾರ ಪದ, ಇಂಥದ್ದೇ ಇನ್ನೊಂದು ಎಲ್ಲಿ ಸಿಕ್ಕೀತು ಎಂದು ಹುಡುಕುವವರು ಕಡಿಮೆ. ಮೊಬೈಲು ತಾನಾಗಿಯೇ ಮುಂದಿನ ಹಾಡು ಹಚ್ಚುತ್ತದೆ, ನಾವು ಕೇಳುತ್ತಾ ಹೋಗುತ್ತೇವೆ.

ಮೊಬೈಲು ತೋರಿಸುವುದಕ್ಕಿಂತ ಒಳ್ಳೆಯ ದಾರಿಯೊಂದು ಹಾಡಿನೊಳಗೇ ಇದೆ. ನಮ್ಮ ಭಾಗದ ಪದಗಳಲ್ಲಿ ಕಟ್ಟಿದವರ ಗುರುತು ಕೊನೆಯ ನುಡಿಯಲ್ಲಿ ಇರುತ್ತದೆ. ಅದೇ ಅಂಕಿತ. ಭಜನೆಗೆ ಕೂತ ಹಿರಿಯರೊಬ್ಬರನ್ನು "ಅಜ್ಜಾ, ಇದು ಯಾರ ಪದಾ?" ಎಂದು ಕೇಳಿ ನೋಡಿ. "ಕಡೀ ನುಡಿ ತನಕ ಕೇಳು ತಮ್ಮಾ, ಅದೇ ಹೇಳ್ತದ" ಎನ್ನುತ್ತಾರೆ. ಸಂಗೀತ ಕೇಳುವ ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಪಲ್ಲವಿ ಕೇಳಿ ಸಾಕೆಂದು ಮುಂದಿನದಕ್ಕೆ ಹಾರಿದವರಿಗೆ ಈ ಗುರುತು ಸಿಗುವುದಿಲ್ಲ. ಕೊನೆಯವರೆಗೆ ಕೂತವರಿಗೆ ಒಂದು ಹೆಸರು ಸಿಗುತ್ತದೆ, ಆ ಹೆಸರಿನಿಂದ ಒಂದು ಊರು, ಆ ಊರಿನಿಂದ ನೂರಾರು ಪದ.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಬರೆದುಕೊಂಡರೂ ನಡೆಯುತ್ತದೆ, ಆದರೆ ಭಜನೆಯ ನಡುವೆ ಮೊಬೈಲು ತೆರೆದರೆ ಮನಸ್ಸು ಬೇರೆಲ್ಲೋ ಹೋಗುತ್ತದೆ. ಎಡಗಡೆ ಪಲ್ಲವಿಯ ಮೊದಲ ಎರಡು ಮೂರು ಶಬ್ದ, ಬಲಗಡೆ ಅಂಕಿತ, ಕೆಳಗೆ ಹಾಡಿದವರು ಯಾರು, ಎಲ್ಲಿ ಎಂಬುದು. ಅಂಕಿತಗಳಲ್ಲಿ ಕೆಲವು ಶಾಲೆಯಲ್ಲಿ ಕಲಿತವೇ: ಬಸವಣ್ಣನ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಅಕ್ಕನ ಚನ್ನಮಲ್ಲಿಕಾರ್ಜುನ, ಪುರಂದರದಾಸರ ಪುರಂದರವಿಠಲ, ಕನಕದಾಸರ ಕಾಗಿನೆಲೆಯಾದಿಕೇಶವ. ಇಷ್ಟು ಗೊತ್ತಿದ್ದರೆ ಗುಡಿಯ ಮೈಕಿನಿಂದ ಬರುವ ಅರ್ಧದಷ್ಟು ಹಾಡುಗಳ ಒಡೆಯರು ತಿಳಿದಂತೆಯೇ.

ರುಚಿ ಹತ್ತುವುದು ಮಾತ್ರ ನಮ್ಮ ಹತ್ತಿರದ ಹೆಸರುಗಳು ಬಂದಾಗ. ವಚನದ ಕೊನೆಯಲ್ಲಿ 'ರಾಮನಾಥ' ಎಂದು ಕೇಳಿಸಿತೋ, ಅದು ಜೇಡರ ದಾಸಿಮಯ್ಯನದು. ಬಸವಣ್ಣನಿಗಿಂತ ಹಿಂದಿನವನೆಂದು ಹೆಸರಾದ ಈ ನೇಕಾರ ನಮ್ಮ ಸುರಪುರ ಸೀಮೆಯ ಮುದನೂರಿನವನು. ಆದ್ಯ ವಚನಕಾರರಲ್ಲೊಬ್ಬನ ಊರು ನಮ್ಮ ಜಿಲ್ಲೆಯಲ್ಲೇ ಇದೆ ಎಂಬುದು ನೆನಪಾದಾಗಲೆಲ್ಲ ನನಗೆ ಎದೆ ಉಬ್ಬುತ್ತದೆ. ದಾಸರ ಪದದಲ್ಲಿ 'ಕಮಲೇಶವಿಠಲ' ಬಂದರೆ ಅದು ಸುರಪುರದ ಆನಂದದಾಸರದು. 'ವಿಜಯವಿಠಲ' ಎಂದರೆ ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, 'ಜಗನ್ನಾಥವಿಠಲ' ಎಂದರೆ ಮಾನ್ವಿಯ ಜಗನ್ನಾಥದಾಸರು. ಭೀಮೆಯಿಂದ ತುಂಗಭದ್ರೆಯವರೆಗಿನ ಈ ನೆಲದಲ್ಲಿ ಪದ ಕಟ್ಟಿದವರ ಸಾಲು ಅಷ್ಟು ದಟ್ಟವಾಗಿದೆ.

ಅಮಾವಾಸ್ಯೆ ಭಜನೆಯಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಬರುವ ತತ್ವಪದಗಳದ್ದು ಇನ್ನೊಂದೇ ಲೋಕ. ಅಲ್ಲಿ 'ಮಹಾಂತ' ಎಂಬ ಹೆಸರು ಮತ್ತೆ ಮತ್ತೆ ಕೇಳಿಸುತ್ತದೆ. ಅದು ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನ ಗುರುವಿನ ಹೆಸರು, ಮಡಿವಾಳಪ್ಪ ಅದನ್ನೇ ಅಂಕಿತ ಮಾಡಿಕೊಂಡ. ಅವನ ಶಿಷ್ಯಬಳಗವನ್ನು ನೋಡಿ: ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬ, ತೆಲುಗಬಾಳ ರೇವಪ್ಪ. ಜಾತಿ, ಮತ, ಊರು ಎಲ್ಲ ಬೇರೆ ಬೇರೆ, ಹಾಡುವ ತತ್ವ ಒಂದೇ. ಇವರ ಪದಗಳಲ್ಲಿ ಅರ್ಥವಾಗದ ಮಾತು ಬಹಳ ಬರುತ್ತವೆ. ಆರು ಬಾಗಿಲು, ಒಂಬತ್ತು ತೂತು, ಕಣ್ಣಿಲ್ಲದವ ಕಂಡದ್ದು, ಹೀಗೆ ಬೆಡಗು. ಅರ್ಥವಾಗಲಿಲ್ಲವೆಂದು ಎದ್ದು ಹೋಗಬೇಡಿ. ಭಜನೆ ಮುಗಿದು ಚಹಾಕ್ಕೆ ಕೂತಾಗ ಹಾಡಿದವರನ್ನೇ ಕೇಳಿ. ತಮಗೆ ತಿಳಿದ ಅರ್ಥವನ್ನು ಸಂತೋಷದಿಂದ ಬಿಡಿಸಿ ಹೇಳುತ್ತಾರೆ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು "ಹಂಗಲ್ಲೋ ಮಾರಾಯಾ" ಎಂದು ತಕರಾರು ತೆಗೆಯುತ್ತಾರೆ. ಆ ತಕರಾರು ಕೇಳುವುದಕ್ಕಾದರೂ ಚಹಾದ ಹೊತ್ತಿನ ತನಕ ಕೂಡಬೇಕು.

ಒಂದು ಎಚ್ಚರ ಬೇಕು. ಬಾಯಿಂದ ಬಾಯಿಗೆ ಬರುವಾಗ ಅಂಕಿತ ಅದಲುಬದಲಾಗುತ್ತದೆ. ಯಾರದೋ ಪದಕ್ಕೆ ಶಿಶುನಾಳ ಶರೀಫರ ಹೆಸರು ಅಂಟಿರುವುದೂ ಉಂಟು, ಏಕೆಂದರೆ ಆ ಹೆಸರಿಗೆ ಪ್ರಸಿದ್ಧಿ ಹೆಚ್ಚು. ಆದ್ದರಿಂದ ಕೇಳಿದ್ದನ್ನು ಪುಸ್ತಕಕ್ಕೆ ಹೋಲಿಸಿ ನೋಡುವ ರೂಢಿ ಒಳ್ಳೆಯದು. ತತ್ವಪದಗಳಿಗೆ ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ಹೊರತಂದ ಸಮಗ್ರ ತತ್ವಪದಗಳ ಸಂಪುಟಗಳಿವೆ. ವಚನಗಳಿಗೆ ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು 15 ಇವೆ. ಪುಸ್ತಕ ಕೈಗೆ ಸಿಗದಿದ್ದರೆ 'ವಚನ ಸಂಚಯ' ಎಂಬ ಜಾಲತಾಣ ತೆರೆದು ನೆನಪಿರುವ ಒಂದು ಶಬ್ದ ಹಾಕಿ ಹುಡುಕಿದರೂ ಆಯಿತು, ವಚನವೂ ವಚನಕಾರರ ಹೆಸರೂ ಬರುತ್ತವೆ.

ಒಂದು ಪದ, ಮೂರು ಬಾಯಿ

ಹೆಸರು ಸಿಕ್ಕ ಮೇಲೆ ಮುಂದೇನು? ಅದೇ ಪದವನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕು, ಆಮೇಲೆ ಮತ್ತೊಬ್ಬರ ಬಾಯಲ್ಲಿ. ನಾನು ಎಲ್ಲರಿಗೂ ಹೇಳುವ ಅಭ್ಯಾಸ ಇದೊಂದೇ. ಹೊಸ ಹಾಡಿನ ಹಿಂದೆ ಓಡುವುದಕ್ಕಿಂತ ಒಂದೇ ಹಾಡನ್ನು ಮೂರು ಬಾಯಲ್ಲಿ ಕೇಳಿದರೆ ಕಿವಿ ಬೇಗ ಹರಿತವಾಗುತ್ತದೆ.

ವಚನದಿಂದ ಶುರು ಮಾಡುವುದು ಸುಲಭ. ನಮ್ಮ ಪಕ್ಕದ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ವಚನ ಗಾಯನಕ್ಕೆಂದೇ ಹೆಸರಾದವರು. ಅವರ ಹಾಡಿಕೆಯಲ್ಲಿ ಮಾತು ಮುಂದೆ, ರಾಗ ಹಿಂದೆ, ಒಂದಕ್ಷರವೂ ಮಸುಕಾಗುವುದಿಲ್ಲ. ಅವರನ್ನು ಕೇಳಿದ ಮೇಲೆ ಮಲ್ಲಿಕಾರ್ಜುನ ಮನಸೂರರ (1910–1992) ವಚನಗಳನ್ನು ಹಚ್ಚಿ. ಮನಸೂರರಿಗೆ ಒಂದು ಸಾಲು ಸಿಕ್ಕರೆ ಅದರೊಳಗೆ ಹೊಕ್ಕು, ರಾಗದ ಮೂಲೆ ಮೂಲೆ ತಡವಿ, ಉಸಿರು ಬಿಡದೆ ಸುತ್ತಿ ಬಂದು ಮತ್ತೆ ಅದೇ ಶಬ್ದದ ಮೇಲೆ ನಿಲ್ಲುತ್ತಾರೆ. ಮೂರನೆಯದಾಗಿ ಬಸವರಾಜ ರಾಜಗುರು, ತುಂಬು ಕಂಠ, ತಿರುವುಗಳಲ್ಲಿ ಲೀಲೆ. ಮೂವರನ್ನೂ ಒಂದೇ ಸಂಜೆ ಕೇಳಿ, ಆಮೇಲೆ ನಿಮ್ಮೂರ ಗುಡಿಯಲ್ಲಿ ಹಾಡುವವರನ್ನು ಕೇಳಿ. ನಿಮ್ಮೂರಿನವರು ಯಾರ ದಾರಿ ಹಿಡಿದಿದ್ದಾರೆ ಎಂಬುದು ನಿಮಗೇ ಗೊತ್ತಾಗುತ್ತದೆ.

ದಾಸರ ಪದಗಳಿಗೆ ಭೀಮಸೇನ ಜೋಶಿಯವರ 'ದಾಸವಾಣಿ' ಇದ್ದೇ ಇದೆ. ಇವತ್ತಿನವರಲ್ಲಿ ಎಂ. ವೆಂಕಟೇಶಕುಮಾರರು ವಚನ, ದಾಸರ ಪದ ಎರಡನ್ನೂ ಅಷ್ಟೇ ಅಕ್ಕರೆಯಿಂದ ಹಾಡುತ್ತಾರೆ. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ (1914–2010) ಬಳಿ ಕಲಿತವರು. ಅದೇ ಆಶ್ರಮದಲ್ಲಿ ಕಲಿತವರು, ಇಲ್ಲವೇ ಕಲಿತವರಿಂದ ಕಲಿತವರು, ನಮ್ಮ ಭಾಗದ ಎಷ್ಟೋ ಭಜನಾ ಮೇಳಗಳಲ್ಲಿ ಪೇಟಿ ಹಿಡಿದಿದ್ದಾರೆ. ಪೇಟಿ ಮಾಸ್ತರರನ್ನು "ನಿಮ್ಮ ಗುರುಗಳು ಯಾರ್ರೀ?" ಎಂದು ಕೇಳಿ ನೋಡಿ, ಎರಡು ಮೂರು ತಲೆಮಾರಿನೊಳಗೆ ಮಾತು ಗದಗಿಗೆ ಹೋಗಿ ಮುಟ್ಟುವುದು ಅಪರೂಪವಲ್ಲ.

ಪೇಟಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ನಮ್ಮ ರಾಗಗಳಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಇರುತ್ತದೆ, ಪೇಟಿಯ ಮನೆಗಳು ಬಿಡಿ ಬಿಡಿ, ಅಲ್ಲಿ ಜಾರಲು ಬರುವುದಿಲ್ಲ ಎಂಬುದು ವಾದ. ವಾದದಲ್ಲಿ ಹುರುಳಿದೆ. ಆದರೆ ಆ ಮೂವತ್ತು ವರ್ಷವೂ ಊರೂರ ಭಜನೆಯನ್ನು ಹಿಡಿದು ನಿಲ್ಲಿಸಿದ್ದು ಪೇಟಿಯೇ. ಮುಂದಿನ ಸಲ ಭಜನೆಗೆ ಕೂತಾಗ ಹಾಡುವವರ ದನಿ ಪೇಟಿಯನ್ನು ಬಿಟ್ಟು ಎಲ್ಲಿ ಜಾರುತ್ತದೆ ಎಂದು ಗಮನಿಸಿ. ಅಲ್ಲೇ ಹಾಡಿನ ಜೀವ ಇರುತ್ತದೆ. ಏಕತಾರಿ ಹಿಡಿದು ಹಾಡುವವರು ಸಿಕ್ಕರಂತೂ ಬಿಡಬೇಡಿ. ಒಂದೇ ತಂತಿ, ಒಂದೇ ಷಡ್ಜ, ಉಳಿದದ್ದೆಲ್ಲ ಕೊರಳು.

ಗಡಿ ದಾಟುವ ಅಂಕಿತ

ಕೊನೆಯ ನುಡಿಯಲ್ಲಿ ಹೆಸರಿಡುವ ಪದ್ಧತಿ ನಮ್ಮಲ್ಲಿಗೆ ಮುಗಿಯುವುದಿಲ್ಲ, ಹುಡುಕಾಟ ನಿಜವಾಗಿ ರಂಗೇರುವುದು ಇಲ್ಲಿಂದ. ಮರಾಠಿ ಅಭಂಗದ ಕೊನೆಗೆ 'ತುಕಾ ಮ್ಹಣೇ' ಎಂದು ಬಂದರೆ ಅದು ತುಕಾರಾಮರದು. ಉರ್ದು ಗಜಲಿನ ಕೊನೆಯ ಜೋಡಿ ಸಾಲಿನಲ್ಲಿ ಕವಿ ತನ್ನ ಹೆಸರು ಸೇರಿಸುತ್ತಾನೆ, ಅದಕ್ಕೆ ಮಕ್ತಾ ಎನ್ನುತ್ತಾರೆ. ಕಲಬುರಗಿಯ ಬಂದೇನವಾಜರ ಉರುಸಿನಲ್ಲೋ ನಮ್ಮ ಶಹಾಪುರ ತಾಲ್ಲೂಕಿನ ಗೋಗಿಯ ಚಂದಾಹುಸೇನಿ ದರ್ಗಾದಲ್ಲೋ ಕವ್ವಾಲಿ ಕೇಳುವಾಗ ಆ ಹೆಸರಿಗಾಗಿ ಕಿವಿ ಇಟ್ಟುಕೊಂಡಿರಿ. ಗೋಗಿಯಲ್ಲಿ ವಿಜಯಪುರದ ಮೊದಮೊದಲಿನ ಆದಿಲ್‌ಶಾಹಿ ಸುಲ್ತಾನರ ಗೋರಿಗಳಿವೆ. ಅದೇ ಮನೆತನದ ಎರಡನೇ ಇಬ್ರಾಹಿಂ ಆದಿಲ್‌ಶಾಹ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಪುಸ್ತಕ ಬರೆದ, ಒಂದೊಂದು ಹಾಡಿಗೂ ರಾಗ ಹೇಳಿದ, ಮೋತಿಖಾನ್ ಎಂದು ಹೆಸರಿಟ್ಟ ತನ್ನ ತಂಬೂರಿಯನ್ನೂ ಹಾಡಿನಲ್ಲಿ ಸೇರಿಸಿದ.

ಖಯಾಲ್ ಕೇಳುವವರಿಗೂ ಇದೇ ಕೀಲಿಕೈ. ಬಂದಿಶಿನ ಅಂತರಾದಲ್ಲಿ 'ಸದಾರಂಗ' ಎಂಬ ಹೆಸರು ಕೇಳಿದರೆ ಅದು ದೆಹಲಿಯ ಮೊಘಲ್ ದೊರೆ ಮುಹಮ್ಮದ್ ಶಾಹನ ಆಸ್ಥಾನದ ನಿಯಾಮತ್ ಖಾನನದು, 18ನೇ ಶತಮಾನದ್ದು. 'ಪ್ರೇಮಪಿಯಾ' ಎಂದರೆ ಆಗ್ರಾ ಘರಾಣೆಯ ಫೈಯಾಜ್ ಖಾನ್. ತೆಂಕಣ ಕರ್ನಾಟಕ ಸಂಗೀತಕ್ಕೆ ಹೋದರೆ ತ್ಯಾಗರಾಜರು ತಮ್ಮ ಹೆಸರನ್ನೇ ಇಡುತ್ತಾರೆ, ಮುತ್ತುಸ್ವಾಮಿ ದೀಕ್ಷಿತರು 'ಗುರುಗುಹ' ಎನ್ನುತ್ತಾರೆ, ಶ್ಯಾಮಾಶಾಸ್ತ್ರಿಗಳು 'ಶ್ಯಾಮಕೃಷ್ಣ'. ಭಾಷೆ ತಿಳಿಯದಿದ್ದರೂ ಈ ಒಂದು ಶಬ್ದ ಹಿಡಿದುಕೊಂಡು ಮುಂದೆ ಹೋಗಬಹುದು.

ತತ್ವಪದ ಹಿಡಿಸಿದವರಿಗೆ ನಾನು ಮೊದಲು ಕೊಡುವ ಹೆಸರು ಕಬೀರ, ಅದನ್ನು ಕೇಳಬೇಕಾದ್ದು ಕುಮಾರ ಗಂಧರ್ವರ ಬಾಯಲ್ಲಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಚಿಕ್ಕಂದಿನಲ್ಲೇ ಕುಮಾರ ಗಂಧರ್ವನೆನಿಸಿಕೊಂಡವರು. 1948ರಲ್ಲಿ ಕ್ಷಯ ಹಿಡಿದು ಮಧ್ಯಪ್ರದೇಶದ ದೇವಾಸ್‌ಗೆ ಹೋದರು. ವರ್ಷಗಟ್ಟಲೆ ಹಾಡುವಂತಿರಲಿಲ್ಲ, ಕೇಳುವುದೊಂದೇ ಉಳಿದಿತ್ತು. ಹಾಸಿಗೆಯಲ್ಲಿ ಮಲಗಿ ಮಾಳವದ ಹೆಣ್ಣುಮಕ್ಕಳ ಹಾಡು ಕೇಳಿದರು, ಮನೆ ಮುಂದೆ ಬರುವ ನಾಥಜೋಗಿಗಳ ನಿರ್ಗುಣಿ ಭಜನೆ ಕೇಳಿದರು. ಎದ್ದ ಮೇಲೆ ಆ ಜಾನಪದ ಧಾಟಿಗಳಿಂದ ಹೊಸ ರಾಗಗಳನ್ನೇ ಕಟ್ಟಿದರು, ಕಬೀರರ ನಿರ್ಗುಣಿ ಪದಗಳನ್ನು ಹಾಡಿ ದೇಶಕ್ಕೇ ಕೇಳಿಸಿದರು. ಕೇಳುವುದಷ್ಟೇ ಸಾಧ್ಯವಿದ್ದ ಕಾಲದಿಂದ ಇಷ್ಟು ದೊಡ್ಡ ಸಂಗೀತ ಹುಟ್ಟಿತು ಎಂಬುದನ್ನು ಕೇಳುಗರಾದ ನಾವು ಮರೆಯಬಾರದು. ಮಡಿವಾಳಪ್ಪನ ಪದ ಕೇಳಿದ ಕಿವಿಗೆ ಆ ನಿರ್ಗುಣಿ ಪದಗಳು ಪರಕೀಯವೆನಿಸುವುದೇ ಇಲ್ಲ. ಅದೇ ದೇಹದ ಮನೆ, ಅದೇ ಒಳಗಿನ ನಾದ, ಅದೇ ಕೊನೆಯ ಸಾಲಿನ ಹೆಸರು.

ನಮ್ಮ ದೊಡ್ಡ ಗಾಯಕರಲ್ಲಿ ಹಲವರು ಹೀಗೆ ಬೀದಿಯಲ್ಲಿ ಕಿವಿಗೆ ಬಿದ್ದದ್ದರ ಬೆನ್ನು ಹತ್ತಿದವರೇ. ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಧಾರವಾಡದ ಬೀದಿಯಲ್ಲಿ ಗ್ರಾಮಫೋನ್ ಹಾಡು ಕೇಳಿದರೆ ಮನೆಯಿಂದ ಓಡಿ ಬರುತ್ತಿದ್ದರು. ಗದಗಿನ ಹುಡುಗ ಭೀಮಸೇನ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ, ಹಾಗೆ ಹಾಡಲು ಕಲಿಯಲೇಬೇಕೆಂದು 1933ರಲ್ಲಿ ಮನೆ ಬಿಟ್ಟ. ರಾಮಸಮುದ್ರದಿಂದ ನಾವು ಮನೆ ಬಿಟ್ಟು ಹೋಗಬೇಕಾಗಿಲ್ಲ, ಆ ಕರೀಂ ಖಾನರ ದನಿ ಈಗ ಜೇಬಿನಲ್ಲೇ ಇದೆ.

ರೇಡಿಯೊ, ಮೊಬೈಲು, ಹೊತ್ತು

ಹುಡುಕುವ ಬಗೆ ಸ್ವಲ್ಪ ಹೇಳುತ್ತೇನೆ. ಯೂಟ್ಯೂಬಿನಲ್ಲಿ ಕನ್ನಡ ಲಿಪಿಯಲ್ಲೇ ಹುಡುಕಿ, ಕಾಗುಣಿತ ಬದಲಿಸಿ ಹುಡುಕಿ. 'ತತ್ವಪದ' ಎಂದರೆ ಒಂದಷ್ಟು ಬರುತ್ತವೆ, 'ತತ್ತ್ವಪದ' ಎಂದರೆ ಬೇರೆ, 'ಭಜನಾ ಪದ' ಎಂದು ಪಕ್ಕದಲ್ಲಿ ತಾಲ್ಲೂಕಿನ ಹೆಸರು ಹಾಕಿದರೆ ಊರಿನವರೇ ಮೊಬೈಲಿನಲ್ಲಿ ಹಿಡಿದು ಏರಿಸಿದವು ಸಿಗುತ್ತವೆ. ಅವುಗಳ ಚಿತ್ರ ಮಸುಕು, ದನಿ ಒರಟು, ಆದರೆ ಕ್ಯಾಸೆಟ್ ಕಂಪನಿಗಳು ಎಂದೂ ಮುಟ್ಟದ ಪದಗಳು ಅಲ್ಲಿವೆ. ಹಳೆಯ ಕಛೇರಿಗಳಿಗೆ ಪ್ರಸಾರ ಭಾರತಿ ಆರ್ಕೈವ್ಸ್ ಚಾನೆಲ್ ಇದೆ.

ಆಕಾಶವಾಣಿಯ 'ನ್ಯೂಸ್ ಆನ್ ಏರ್' ಆ್ಯಪ್ ಹಾಕಿಕೊಂಡರೆ ಕಲಬುರಗಿ ಕೇಂದ್ರವನ್ನಲ್ಲದೆ ದೇಶದ ಎಷ್ಟೋ ಕೇಂದ್ರಗಳನ್ನು ಕೇಳಬಹುದು. ಬೆಂಗಳೂರಿನ ಅಮೃತವರ್ಷಿಣಿ, 2016ರ ಜನವರಿ 26ರಂದು ಶುರುವಾದ 'ರಾಗಂ', ಇವೆರಡೂ ಶಾಸ್ತ್ರೀಯ ಸಂಗೀತಕ್ಕೇ ಮೀಸಲು. ರೇಡಿಯೊದಲ್ಲಿ ನನಗೆ ಬಹಳ ಹಿಡಿಸುವುದು ನಿರೂಪಕರು ಹಾಡಿಗೆ ಮೊದಲು ಗಾಯಕರು, ರಾಗ ಸಂಯೋಜಕರು, ಕವಿ ಎಲ್ಲರ ಹೆಸರು ಹೇಳುವ ಪದ್ಧತಿ. ಸಿನಿಮಾ ಹಾಡಿಗೆ ಅಂಕಿತವಿಲ್ಲ. ಆ ಕೆಲಸವನ್ನು 1957ರಲ್ಲಿ ಹುಟ್ಟಿದ ವಿವಿಧ ಭಾರತಿ ಅಂದಿನಿಂದ ಮಾಡುತ್ತ ಬಂದಿದೆ. ಸಿನಿಮಾ ಹಾಡು ಹಿಡಿಸಿದರೆ ನಟನ ಹೆಸರು ಬರೆದುಕೊಳ್ಳುವ ಮೊದಲು ಬರೆದ ಕವಿಯ ಹೆಸರು ಬರೆದುಕೊಳ್ಳಿ. ಒಬ್ಬ ಗೀತಕಾರನ ಹತ್ತು ಹಾಡು ಸಾಲಾಗಿ ಕೇಳಿದ ದಿನ ಸಿನಿಮಾ ಹಾಡುಗಳೂ ಬೇರೆಯಾಗಿ ಕೇಳತೊಡಗುತ್ತವೆ.

ಡೇಟಾ ಸುಮ್ಮನೆ ಖರ್ಚು ಮಾಡಬೇಡಿ. 128 ಕೆಬಿಪಿಎಸ್ ಗುಣಮಟ್ಟದ ಆಡಿಯೊ ಗಂಟೆಗೆ ಸುಮಾರು 60 ಎಂಬಿ ತಿನ್ನುತ್ತದೆ, ವಿಡಿಯೊ ಅದರ ಹಲವು ಪಟ್ಟು. ಬರೀ ಕೇಳುವುದಿದ್ದರೆ ವಿಡಿಯೊ ಗುಣಮಟ್ಟವನ್ನು 144ಕ್ಕೆ ಇಳಿಸಿ. ಹಳೆಯ ಮಧ್ಯಮ ತರಂಗದ ರೇಡಿಯೊ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಕತ್ತಲಾದ ಮೇಲೆ ವಾತಾವರಣದ ಮೇಲ್ಪದರದಲ್ಲಿ ಈ ತರಂಗಗಳನ್ನು ಹೀರುವ ಪದರ ಕರಗುವುದರಿಂದ ದೂರದ ಕೇಂದ್ರಗಳು ರಾತ್ರಿ ಹೊತ್ತು ತಾವಾಗಿ ಬರುತ್ತವೆ. ದನಿ ಸಣ್ಣದಾದರೆ ಪೆಟ್ಟಿಗೆಯನ್ನೇ ನಿಧಾನಕ್ಕೆ ತಿರುಗಿಸಿ, ಒಳಗಿನ ಆಂಟೆನಾಗೆ ದಿಕ್ಕು ಮುಖ್ಯ.

ಇಯರ್‌ಫೋನ್ ಹಾಕಿಕೊಂಡು ಕೇಳುವ ಹುಡುಗರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮೀರಬಾರದು. ಸಪ್ಪಳ ಹೆಚ್ಚಿದಷ್ಟೂ ಈ ಮಿತಿ ಬೇಗ ಇಳಿಯುತ್ತದೆ, 90 ಡೆಸಿಬಲ್ಲಿಗೆ ವಾರಕ್ಕೆ 4 ಗಂಟೆ ಅಷ್ಟೇ. ಟ್ರ್ಯಾಕ್ಟರ್ ಸಪ್ಪಳ ಮೀರಿಸಲು ದನಿ ಏರಿಸುತ್ತ ಹೋದರೆ ಕಿವಿಗೇ ಪೆಟ್ಟು. ಹೊಲದಲ್ಲಿ ಸಪ್ಪಳ ನಿಂತ ಮೇಲೆ ಕೇಳಿ.

ಹಿಂದೂಸ್ತಾನಿ ರಾಗಗಳಿಗೆ ಹೊತ್ತು ಉಂಟು, ಅದನ್ನು ಪಾಲಿಸಿ ನೋಡುವುದು ಒಂದು ಸುಖ. ನಸುಕಿನಲ್ಲಿ ಭೈರವ, ಬಿಸಿಲು ಏರುವ ಮುಂಚೆ ತೋಡಿ, ನಡುಮಧ್ಯಾಹ್ನ ಸಾರಂಗ, ಹೊತ್ತು ವಾಲಿದಾಗ ಭೀಮಪಲಾಸಿ, ಮುಲ್ತಾನಿ, ಸಂಜೆಗೆ ಮಾರವಾ, ದೀಪ ಹಚ್ಚುವಾಗ ಯಮನ್, ರಾತ್ರಿ ಬಾಗೇಶ್ರೀ, ಮಾಲಕಂಸ, ದರಬಾರಿ. ಯಾದಗಿರಿಯ ಏಪ್ರಿಲ್ ಬಿಸಿಲಿನಲ್ಲಿ, ಊರೆಲ್ಲ ಬಾಗಿಲು ಹಾಕಿಕೊಂಡ ಎರಡರ ಹೊತ್ತಿಗೆ, ವೃಂದಾವನಿ ಸಾರಂಗ ಕೇಳಿ ನೋಡಿ. ಆ ರಾಗವನ್ನು ನಮ್ಮ ಬಿಸಿಲಿಗೆಂದೇ ಕಟ್ಟಿದಂತೆ ಅನಿಸುತ್ತದೆ. ಮಾರವಾಕ್ಕೆ ಗಂಗೂಬಾಯಿಯವರ ದನಿ, ದರಬಾರಿಗೆ ಭೀಮಸೇನರದು. ಅಪರೂಪದ ರಾಗಗಳ ಆಸೆ ಹತ್ತಿದವರಿಗೆ ಮನಸೂರರೇ ಗತಿ, ಬೇರೆಯವರು ವರ್ಷಕ್ಕೊಮ್ಮೆ ಹಾಡುವುದನ್ನು ಅವರು ದಿನದ ಊಟದಂತೆ ಹಾಡಿದರು. ತಾಳ ಹಿಡಿಯಲು ಬಾರದಿದ್ದರೂ ಚಿಂತೆ ಬೇಡ, ಭಜನೆಯಲ್ಲಿ ಡಗ್ಗದವರ ಬಲಗೈ ನೋಡುತ್ತ ಎಂಟು ಎಣಿಸಿ. ಬಹಳಷ್ಟು ಪದಗಳು ಆ ಎಂಟರಲ್ಲೇ ಸುತ್ತುತ್ತವೆ.

ಹೆಸರಿಲ್ಲದ ಪದಗಳು

ಇಷ್ಟು ಹೇಳಿದ ಅಂಕಿತದ ದಾರಿ ಒಂದು ಕಡೆ ಬಂದು ನಿಂತುಬಿಡುತ್ತದೆ. ಸೋಬಾನೆ ಪದದ ಕೊನೆಯಲ್ಲಿ ಯಾರ ಹೆಸರೂ ಇಲ್ಲ. ಬೀಸುವ ಪದದಲ್ಲಿಲ್ಲ, ಕುಟ್ಟುವ ಪದದಲ್ಲಿಲ್ಲ, ತಾಂಡಾದ ಹೆಣ್ಣುಮಕ್ಕಳು ಕೈ ಕೈ ಹಿಡಿದು ಸುತ್ತುತ್ತ ಹಾಡುವ ಪದದಲ್ಲೂ ಇಲ್ಲ. ಕಣದಲ್ಲಿ ಎತ್ತು ತಿರುಗಿಸುತ್ತ ಗಂಡಸರು ಹಾಡುತ್ತಿದ್ದ ಹಂತಿ ಪದಗಳಿಗೂ ಒಡೆಯರಿಲ್ಲ. ರಾಶಿ ಯಂತ್ರ ಬಂದ ಮೇಲೆ ಹಂತಿಯೇ ಇಲ್ಲ, ಪದ ಎಲ್ಲಿಂದ ಬರಬೇಕು? ಲಾವಣಿ, ಗೀಗೀ ಪದಗಳಲ್ಲಿ, ಮೊಹರಂ ಹೊತ್ತಿನ ರಿವಾಯತ ಪದಗಳಲ್ಲಿ ಕವಿಯದೋ ಉಸ್ತಾದನದೋ ಹೆಸರು, ಊರಿನ ಹೆಸರು ಕೊನೆಗೆ ಸೇರಿರುತ್ತದೆ. ಹೆಣ್ಣುಮಕ್ಕಳ ಪದಗಳಿಗೆ ಮಾತ್ರ ಆ ಭಾಗ್ಯವಿಲ್ಲ. ಕಟ್ಟಿದವರು ತಮ್ಮ ಹೆಸರಿಡಲಿಲ್ಲ, ಕೇಳಿದವರು ಯಾರೂ ಕೇಳಲಿಲ್ಲ.

ಆದ್ದರಿಂದ ಇಲ್ಲಿ ಹೆಸರು ಬರೆದಿಡುವ ಕೆಲಸ ಕೇಳುಗರ ಪಾಲಿಗೆ ಬರುತ್ತದೆ. ನಿಮ್ಮ ಆಯಿ, ಅತ್ತೆ, ಓಣಿಯ ಹಿರಿಯ ಹೆಣ್ಣುಮಗಳು ಯಾರಿಗೆ ಪದ ಬರುತ್ತದೋ ಅವರ ಹತ್ತಿರ ಕೂಡಿ. "ಆಯೀ, ಮದಿವ್ಯಾಗ ಹಾಡ್ತಿದ್ದಿಯಲ್ಲಾ, ಆ ಪದಾ ಒಂದು ಸಲ ಹಾಡು" ಎಂದರೆ ಮೊದಲು ನಕ್ಕು ಬೇಡವೆನ್ನುತ್ತಾರೆ. ಒಬ್ಬರನ್ನೇ ಕೂಡಿಸಬೇಡಿ, ಜೋಡಿಯಾಗಿ ಹಾಡುವವರನ್ನು ಕರೆಯಿರಿ. ಒಬ್ಬರು ಎತ್ತಿಕೊಂಡರೆ ಇನ್ನೊಬ್ಬರಿಗೆ ಮರೆತದ್ದು ನೆನಪಾಗುತ್ತದೆ.

ರೆಕಾರ್ಡಿಂಗಿಗೆ ಕೈಯಲ್ಲಿರುವ ಮೊಬೈಲೇ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಪದದ ನಡುವೆ ಕರೆ ಬರುತ್ತದೆ. ಫ್ಯಾನು, ಟಿವಿ ಆರಿಸಿ. ಹಾಡುವವರಿಂದ ಒಂದು ಮೊಳ, ಒಂದೂವರೆ ಮೊಳ ದೂರದಲ್ಲಿ, ಮಡಚಿದ ಟವೆಲ್ಲಿನ ಮೇಲೆ ಮೊಬೈಲು ಇಡಿ. ಕೈಯಲ್ಲಿ ಹಿಡಿದರೆ ಬೆರಳಿನ ಸಪ್ಪಳವೆಲ್ಲ ಒಳಗೆ ಸೇರುತ್ತದೆ. ಭಜನೆಯಾದರೆ ಡಗ್ಗ, ತಾಳದ ಹತ್ತಿರ ಇಡಲೇಬೇಡಿ, ಪದದ ಮಾತು ಮುಳುಗಿಹೋಗುತ್ತದೆ. ರೆಕಾರ್ಡರ್ ಆ್ಯಪಿನಲ್ಲಿ 'ವೇವ್' ಆಯ್ಕೆ ಇದ್ದರೆ ಅದನ್ನೇ ಆರಿಸಿ. ಸ್ಟೀರಿಯೊದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಹಿಡಿಯುತ್ತದೆ, ಆದರೆ ದನಿ ಎಳ್ಳಷ್ಟೂ ನಷ್ಟವಾಗುವುದಿಲ್ಲ. ಒಂದು ನಿಮಿಷ ಹಾಡಿಸಿ, ಕೇಳಿ ನೋಡಿ, ಆಮೇಲೆ ಪೂರ್ತಿ ಹಿಡಿಯಿರಿ. ಪದ ಶುರುವಾಗುವ ಮೊದಲು ತಾರೀಖು, ಊರು, ಹಾಡುವವರ ಹೆಸರು, ವಯಸ್ಸು, ಈ ಪದ ಯಾರಿಂದ ಕಲಿತರು ಎಂಬುದನ್ನು ನಿಮ್ಮ ದನಿಯಲ್ಲೇ ಹೇಳಿ ಸೇರಿಸಿ. ಕಾಗದ ಕಳೆದುಹೋಗಬಹುದು, ದನಿಯೊಳಗೆ ಸೇರಿದ್ದು ಹಾಡಿನ ಜೊತೆಗೇ ಇರುತ್ತದೆ. ಕಲಿತದ್ದು ಯಾರಿಂದ ಎಂಬ ಪ್ರಶ್ನೆ ಬಿಡಬೇಡಿ. "ನಮ್ಮವ್ವನ ಕಡಿಂದ, ಆಕಿ ಸಗರದಾಕಿ" ಎಂಬ ಒಂದು ಮಾತು ಪದದ ಊರನ್ನೇ ತೋರಿಸಿಕೊಡುತ್ತದೆ.

ಅಪ್ಪಣೆಯಿಲ್ಲದೆ ಯಾರ ಹಾಡನ್ನೂ ಯೂಟ್ಯೂಬಿಗೆ, ವಾಟ್ಸ್ಆ್ಯಪಿಗೆ ಹಾಕಬಾರದು. ಹಳೆಯ ತತ್ವಪದಕ್ಕೆ ಕೃತಿಸ್ವಾಮ್ಯ ಇಲ್ಲದಿರಬಹುದು, ಅದನ್ನು ಹಾಡಿದವರ ಹಾಡಿಕೆಗೆ ಹಕ್ಕಿದೆ. ನಮ್ಮ ಕಾಯ್ದೆ ಕಲಾವಿದರಿಗೆ 50 ವರ್ಷದ ಹಕ್ಕು ಕೊಟ್ಟಿದೆ. ಕಾಯ್ದೆಗಿಂತ ದೊಡ್ಡದು ಮರ್ಯಾದೆ: ಹಾಡಿದವರಿಗೆ ಮೊದಲು ಕೇಳಿಸಿ, ಅವರು ಬೇಡವೆಂದರೆ ಮನೆಯೊಳಗೇ ಇಟ್ಟುಕೊಳ್ಳಿ. ಒಪ್ಪಿದರೆ ಹೆಸರು, ಊರು ಸ್ಪಷ್ಟವಾಗಿ ಹಾಕಿ. ಫೈಲನ್ನು ಎರಡು ಕಡೆ ಇಡಿ, ಒಂದು ಪೆನ್‌ಡ್ರೈವ್, ಒಂದು ಗೂಗಲ್ ಡ್ರೈವ್ ಆದರೆ ಸಾಕು. ಬರೀ ಮೊಬೈಲಿನಲ್ಲಿ ಬಿಟ್ಟರೆ ಮೊಬೈಲು ಕೆಟ್ಟ ದಿನ ಹಾಡೂ ಹೋಯಿತು.

ಎಲ್ಲಿ ಕೇಳಲು ಹೋಗಬೇಕು ಎನ್ನುವವರು ಜಾತ್ರೆಗಳ ಪಂಚಾಂಗ ಮಾಡಿಕೊಳ್ಳಿ. ಸಂಕ್ರಾಂತಿಗೆ ನಮ್ಮ ತಾಲ್ಲೂಕಿನ ಮೈಲಾಪುರ ಮಲ್ಲಯ್ಯನ ಜಾತ್ರೆ. ಡೊಳ್ಳಿನ ಮೇಳಗಳು ಅಲ್ಲಿ ಎಲ್ಲೆಲ್ಲಿಂದಲೋ ಬರುತ್ತವೆ, ಮಲ್ಲಯ್ಯನ ಜಯಕಾರ ಗುಡ್ಡವನ್ನೇ ತುಂಬುತ್ತದೆ, ಡೊಳ್ಳಿನ ಪದ ಮಾತ್ರ ಗದ್ದಲದಿಂದ ಆಚೆ, ಮೇಳದವರು ಬಿಡಾರ ಹೂಡಿದ ಕಡೆ ಸಿಗುತ್ತದೆ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದರೆ ರಾತ್ರಿ ಉಳಿಯುವ ಹಾಗೆ ಹೋಗಿ, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಆ ಗುಡಿಯ ಸುತ್ತ ಒಂದೇ ರಾತ್ರಿಯಲ್ಲಿ ಎರಡೂ ಕಡೆಯ ಪದ ಕೇಳಲು ಸಿಗುತ್ತವೆ. ಅಬ್ಬೆತುಮಕೂರಿನ ವಿಶ್ವಾರಾಧ್ಯರ ಮಠ, ಕಡಕೋಳದ ಮಠ ಇವೆರಡನ್ನೂ ಬಿಡಬೇಡಿ. ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ, ತಾರೀಖು ನೋಡಿಕೊಳ್ಳಿ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತಗಳನ್ನು ಕೇಳಲು ರಾತ್ರಿ ಹತ್ತರ ಮೇಲೆ ಹೋಗಬೇಕು. ದೊಡ್ಡ ಕಛೇರಿಯ ಆಸೆಯಿದ್ದರೆ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಗುರುಗಳ ನೆನಪಿಗೆ ಶುರು ಮಾಡಿದ ಸವಾಯಿ ಗಂಧರ್ವ ಉತ್ಸವ ಡಿಸೆಂಬರಿನಲ್ಲಿ ನಡೆಯುತ್ತದೆ. ಯಾದಗಿರಿ ಮುಂಬೈ ಮಾರ್ಗದ ನಿಲ್ದಾಣ, ರಾತ್ರಿ ರೈಲು ಹತ್ತಿದರೆ ಪುಣೆ ದೂರವಲ್ಲ. ಹೊರಡುವ ಮೊದಲು ಟಿಕೆಟಿನ ಜೊತೆಗೆ ಆ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಳ್ಳಿ. ಅಲ್ಲಿ ಹಾಡುವ ಬಂದಿಶುಗಳಲ್ಲಿ ಸದಾರಂಗನ ಹೆಸರು ಒಂದಲ್ಲ ಒಂದು ಹೊತ್ತಿಗೆ ಬಂದೇ ಬರುತ್ತದೆ.